ಮುರುಡೇಶ್ವರದ ತನಕ ಹೋಗಿ ಭಟ್ಕಳ ಬಿಡಬೇಡಿ

ಮಾಸ್ತರರೇ, ನಮಸ್ಕಾರ.

ಮುದ್ದೇಬಿಹಾಳದಿಂದ ನೀವು ಬರೆದ ನಾಲ್ಕು ಪುಟದ ಕಾಗದವನ್ನು ಕಚೇರಿಯಲ್ಲಿ ಎಲ್ಲರೂ ಓದಿದೆವು. ನೀವು ಕೇಳಿರುವುದು ಎರಡೇ ಮಾತು. ನಮ್ಮ ಪ್ರವಾಸ ಸಂಚಿಕೆಯಲ್ಲಿ ಮುರುಡೇಶ್ವರಕ್ಕೆ ಎರಡು ಪುಟ ಕೊಟ್ಟು ಭಟ್ಕಳವನ್ನು "ಹತ್ತಿರದ ತಾಲ್ಲೂಕು ಕೇಂದ್ರ" ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ, ಅಲ್ಲಿ ನೋಡುವಂಥದ್ದು ಏನೂ ಇಲ್ವಾ? ಎರಡನೆಯದು, ಪೇಪರಿನಲ್ಲಿ ಆ ಊರಿನ ಬಗ್ಗೆ ಏನೇನೋ ಓದಿದ್ದೇವೆ, ಮನೆಮಂದಿಯನ್ನು ಕರೆದುಕೊಂಡು ಹೋಗಬಹುದಾ?

ಮೊದಲನೆಯದಕ್ಕೆ ಉತ್ತರ: ಇದೆ, ತುಂಬಾ ಇದೆ. ಒಂದು ಸಾಲಿನಲ್ಲಿ ಮುಗಿಸಿದ್ದು ನಮ್ಮ ತಪ್ಪು. ಆ ಪುಟ ತಿದ್ದಿ ಅಚ್ಚಿಗೆ ಕಳಿಸಿದವನು ನಾನೇ, ಹಾಗಾಗಿ ಉತ್ತರ ಬರೆಯುವ ಕೆಲಸವೂ ನನ್ನದೇ.

ಮುರುಡೇಶ್ವರದ ಬಗ್ಗೆ ಹೊಸದಾಗಿ ಹೇಳಬೇಕಾದ್ದಿಲ್ಲ. 123 ಅಡಿಯ ಶಿವ, ಲಿಫ್ಟಿನಲ್ಲಿ ಹತ್ತುವ ರಾಜಗೋಪುರ, ಕೆಳಗೆ ಸಮುದ್ರ. ಮಕ್ಕಳಿಗೆ ಖುಷಿಯಾಗುತ್ತದೆ, ಹೋಗಲೇಬೇಕು. ಆದರೆ ಅಲ್ಲಿ ಕಾಣುವುದೆಲ್ಲ ಬಹುತೇಕ ನಮ್ಮ ಕಾಲದಲ್ಲಿ ಕಟ್ಟಿದ್ದು. ಹಳೆಯದು ಬೇಕಾದರೆ ಇನ್ನೊಂದು ಅರ್ಧ ಗಂಟೆ ದಕ್ಷಿಣಕ್ಕೆ ಹೋಗಬೇಕು.

ನೀವು ಇತಿಹಾಸ ಕಲಿಸಿದವರು. ವಿಜಯನಗರದ ಕುದುರೆ ಸೈನ್ಯದ ಪಾಠ ಎಷ್ಟು ಸಲ ಮಾಡಿದ್ದೀರೋ. ಆ ಕುದುರೆಗಳು ಎಲ್ಲಿಂದ ಬಂದವು? ನಮ್ಮ ಬಯಲು ಸೀಮೆಯಲ್ಲಿ ಒಳ್ಳೆ ಯುದ್ಧದ ಕುದುರೆ ಬೆಳೆಯುತ್ತಿರಲಿಲ್ಲ. ಅರಬ್ ದೇಶಗಳಿಂದ, ಹೋರ್ಮುಜ್ ಕಡೆಯಿಂದ ಹಡಗಿನಲ್ಲಿ ತರಬೇಕಿತ್ತು. ಹಾಗೆ ಬಂದ ಕುದುರೆಗಳನ್ನು ಇಳಿಸುತ್ತಿದ್ದ ದೊಡ್ಡ ಬಂದರುಗಳಲ್ಲಿ ಭಟ್ಕಳವೂ ಒಂದು. ಕುದುರೆ ಇಳಿದು ಘಟ್ಟ ಹತ್ತುತ್ತಿತ್ತು, ಘಟ್ಟ ಇಳಿದು ಬಂದ ಮೆಣಸು, ಅಕ್ಕಿ, ಕಬ್ಬಿಣ ಹಡಗು ಸೇರುತ್ತಿತ್ತು. 16ನೇ ಶತಮಾನದ ಶುರುವಿನಲ್ಲಿ ಬಂದ ಪೋರ್ಚುಗೀಸ್ ಬರಹಗಾರ ದುವಾರ್ತೆ ಬಾರ್ಬೋಸಾ ಈ ಊರಿನ ವ್ಯಾಪಾರವನ್ನು ಬರೆದಿಟ್ಟಿದ್ದಾನೆ. ಗೋವಾ ಹಿಡಿದ ಮೇಲೆ ಪೋರ್ಚುಗೀಸರಿಗೆ ಕುದುರೆ ವ್ಯಾಪಾರ ಪೂರ್ತಿ ತಮ್ಮ ಕೈಯಲ್ಲೇ ಇರಬೇಕು ಅನ್ನಿಸಿತು, ಭಟ್ಕಳ ಅವರ ಕಣ್ಣು ಕುಕ್ಕಿತು. 1542ರಲ್ಲಿ ಅವರು ಬಂದು ಊರನ್ನು ಸುಟ್ಟರು.

ಆ ಸಿರಿವಂತಿಕೆಯ ಕಾಲದ ಗುರುತು ಮೂಡಭಟ್ಕಳದ ಖೇತಪೈ ನಾರಾಯಣ ದೇವಸ್ಥಾನ. ನೀವು ಬೇರೆ ಏನು ಬಿಟ್ಟರೂ ಇದನ್ನು ಬಿಡಬೇಡಿ. ನಾನು ಹೋದದ್ದು ಎರಡು ವರ್ಷದ ಹಿಂದೆ, ಅವ್ವನ ಜೊತೆ. ಆಗಷ್ಟೇ ಮಳೆ ಬಂದು ನಿಂತಿತ್ತು. ಮೊದಲು ಕಣ್ಣಿಗೆ ಬಿದ್ದದ್ದು ಮಾಡು, ಅಂದರೆ ಚಾವಣಿ. ನಮ್ಮ ಪಟ್ಟದಕಲ್ಲು, ಐಹೊಳೆ ನೋಡಿದವರಿಗೆ ಇದು ದೇವಸ್ಥಾನದ ಹಾಗೆ ಅನ್ನಿಸುವುದೇ ಇಲ್ಲ, ಹಂಚಿನ ಮನೆಯ ಹಾಗೆ ಇಳಿಜಾರು. ಆದರೆ ಹಂಚಲ್ಲ, ಕಲ್ಲು ಚಪ್ಪಡಿ. ಮೇಲೆ ಬಿದ್ದ ನೀರು ಒಂದು ಕ್ಷಣ ನಿಲ್ಲದೆ ಜಾರಿ ಕೆಳಗೆ ಬೀಳುತ್ತಿತ್ತು. ಅಂಥ ಮಳೆಗೆ ಅಂಥ ಮಾಡೇ ಬೇಕು ಎಂದು ಕಟ್ಟಿದವರಿಗೆ ಗೊತ್ತಿತ್ತು.

ಆಮೇಲೆ ಗೋಡೆ. ಸಾಲು ಸಾಲಾಗಿ ಚಿಕ್ಕ ಚಿಕ್ಕ ಕೆತ್ತನೆ, ರಾಮಾಯಣದ ಕಥೆ. ದೂರದಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಮುಖ ಹತ್ತಿರ ಒಯ್ಯಬೇಕು. ನಮ್ಮವ್ವ ಓದು ಬರಹ ಕಲಿತವಳಲ್ಲ. ಆದರೆ ಬೆರಳು ತೋರಿಸುತ್ತಾ, ಒದ್ದೆ ಕಲ್ಲಿನ ಪಕ್ಕ ಒಂದೊಂದೇ ಹೆಜ್ಜೆ ಇಡುತ್ತಾ, "ಇವ ರಾಮ, ಇಲ್ಲಿ ನೋಡು ಮಂಗ್ಯಾಗಳು" ಅಂತ ಕಥೆ ಹೇಳುತ್ತಾ ಹೋದಳು. ನಾನು ಹಿಂದೆ ಹಿಂದೆ. ಪೂರ್ತಿ ಒಂದು ಗಂಟೆ ಆಯಿತು. ಅಷ್ಟು ಹೊತ್ತಿನಲ್ಲಿ ಬೇರೆ ಪ್ರವಾಸಿಗರು ಒಬ್ಬರೂ ಬರಲಿಲ್ಲ. ಅದೇ ದಿನ ಮುರುಡೇಶ್ವರದಲ್ಲಿ ಲಿಫ್ಟಿಗೆ ಉದ್ದ ಸಾಲು ನಿಂತಿತ್ತು. ನನಗೆ ಬೇಜಾರಾದದ್ದು ಇದಕ್ಕೇ.

ಪೇಟೆಯಲ್ಲೇ ಜಟ್ಟಪ್ಪ ನಾಯಕನ ಚಂದ್ರನಾಥೇಶ್ವರ ಬಸದಿ ಇದೆ. ಇದೂ ಕಲ್ಲಿನದೇ, ಎರಡು ಅಂತಸ್ತು, ಮುಂದೆ ಮಾನಸ್ತಂಭ, ಅಂದರೆ ಬಸದಿಯ ಎದುರು ನಿಲ್ಲಿಸುವ ಎತ್ತರದ ಕಲ್ಲು ಕಂಬ. ಗೇರುಸೊಪ್ಪೆ, ಹಾಡುವಳ್ಳಿಯ ಜೈನ ಅರಸರು ಈ ಸೀಮೆ ಆಳಿದವರು. ಪೋರ್ಚುಗೀಸರು "ಮೆಣಸಿನ ರಾಣಿ" ಎಂದು ಕರೆದ ಚೆನ್ನಭೈರಾದೇವಿ ಅದೇ ಮನೆತನದವಳು. ಒಂದೇ ಊರಿನಲ್ಲಿ ಬಸದಿ, ವಿಷ್ಣುವಿನ ಗುಡಿಗಳು, ಹಳೆಯ ಮಸೀದಿಗಳು ಎಲ್ಲ ನಡೆದು ನೋಡುವಷ್ಟು ಹತ್ತಿರದಲ್ಲಿವೆ. ಜಾಮಿಯಾ ಮಸೀದಿಯನ್ನು ಊರವರು ಕರೆಯುವುದು ಚಿನ್ನದ ಪಳ್ಳಿ ಎಂದು.

ನಿಮ್ಮಂಥವರಿಗೆ ಇನ್ನೊಂದು ವಿಷಯ ಹೇಳಬೇಕು. ಭಟ್ಕಳದಲ್ಲಿ ಮೂವರು ಇಂಗ್ಲಿಷರ ಸಮಾಧಿಗಳಿವೆ, 1637–38ರವು. ಇಂಗ್ಲೆಂಡಿನ ಕೋರ್ಟೀನ್ ಎಂಬುವನ ಕಂಪನಿ ಆಗ ಇಲ್ಲಿ ವ್ಯಾಪಾರದ ಕೋಠಿ ಹಾಕಿತ್ತು. ಅದು ನಮ್ಮ ವಿಜಯಪುರದಲ್ಲಿ ಮಹಮ್ಮದ್ ಆದಿಲ್‌ಶಾಹ ಆಳುತ್ತಿದ್ದ ಕಾಲ. ಗೋಳಗುಮ್ಮಟದಲ್ಲಿ ಮಲಗಿರುವ ದೊರೆ ಇನ್ನೂ ಬದುಕಿದ್ದಾಗಲೇ ಆ ಇಂಗ್ಲಿಷರು ಅಲ್ಲಿ ಸತ್ತು ಮಣ್ಣಾಗಿದ್ದರು.

ಈಗ ಎರಡನೇ ಪ್ರಶ್ನೆ. ಪೇಪರಿನಲ್ಲಿ ಒಂದು ಊರಿನ ಹೆಸರು ಬರುವುದು ಜಗಳವಾದ ದಿನ ಮಾತ್ರ. ಉಳಿದ ದಿನ ಅಲ್ಲಿ ಅಂಗಡಿ ತೆರೆಯುತ್ತವೆ, ಮೀನು ಬರುತ್ತದೆ, ಮಕ್ಕಳು ಶಾಲೆಗೆ ಹೋಗುತ್ತಾರೆ. ಅದನ್ನು ಯಾರೂ ಅಚ್ಚು ಹಾಕುವುದಿಲ್ಲ, ನಾವೂ ಹಾಕಿಲ್ಲ. ನಮಗೆ ದೇವಸ್ಥಾನದ ದಾರಿ ಗೊತ್ತಿರಲಿಲ್ಲ. ಚಹಾ ಅಂಗಡಿಯಲ್ಲಿ ಕೂತಿದ್ದ ಒಬ್ಬರು ನವಾಯತ (ಭಟ್ಕಳದ ಹಳೆಯ ಮುಸ್ಲಿಂ ಸಮುದಾಯ) ಹಿರಿಯರು ಗ್ಲಾಸು ಕೆಳಗಿಟ್ಟು, ಅವ್ವನ ಮೊಣಕಾಲು ನೋವು ನೋಡಿ, ಆಟೋ ಕರೆದು, ಎಲ್ಲಿ ಇಳಿಸಬೇಕು ಅಂತ ಅವನಿಗೆ ಹೇಳಿ ಕಳಿಸಿದರು. ನಮ್ಮ ಜೊತೆ ಕನ್ನಡ, ಆಟೋದವನ ಜೊತೆ ನವಾಯತಿ. ಕೊಂಕಣಿಗೆ ಅರಬ್ಬಿ, ಪಾರ್ಸಿ ಮಾತು ಸೇರಿ ಆದ ಭಾಷೆ ಅದು, ಬಂದರಿನ ಹಳೆಯ ಕಥೆ ಅದರಲ್ಲೂ ಇದೆ. ನೀವು ಧೈರ್ಯವಾಗಿ ಹೋಗಿ.

ಊಟದ ವಿಷಯ. ಮೊಮ್ಮಕ್ಕಳು ಮಾಂಸ ತಿನ್ನುತ್ತಾರೆ ಎಂದು ಬರೆದಿದ್ದೀರಿ, ಹಾಗಾದರೆ ಭಟ್ಕಳ ಬಿರಿಯಾನಿ ತಿನ್ನಿಸಿ. ಈರುಳ್ಳಿ ಜಾಸ್ತಿ, ಮಸಾಲೆ ಬೇರೆ ಅನ್ನ ಬೇರೆ ಮಾಡಿ ಪದರ ಹಾಕುತ್ತಾರೆ. ನಿಮಗೆ ಬುತ್ತಿಯ ರೊಟ್ಟಿ, ಶೇಂಗಾ ಚಟ್ನಿ ಇದ್ದೇ ಇರುತ್ತದಲ್ವಾ. ಮನೆಯವರಿಗೆ ಭಟ್ಕಳ ಮಲ್ಲಿಗೆ ಕೊಡಿಸಿ. ಬಾಳೆ ನಾರಿನಲ್ಲಿ ಒತ್ತೊತ್ತಾಗಿ ಕಟ್ಟಿರುತ್ತಾರೆ, ಮೊಗ್ಗು ಸಂಜೆಗೆ ಅರಳುತ್ತದೆ.

ದಾರಿ ಸುಲಭ. ವಿಜಯಪುರ, ಹುಬ್ಬಳ್ಳಿ ಮೇಲೆ ಹೋಗುವ 52ನೇ ಹೆದ್ದಾರಿ ಅಂಕೋಲಾದ ಹತ್ತಿರ ಸಮುದ್ರ ದಂಡೆಯ 66ನೇ ಹೆದ್ದಾರಿಗೆ ಸೇರುತ್ತದೆ. ಅಲ್ಲಿಂದ ಎಡಕ್ಕೆ ತಿರುಗಿದರೆ ಕುಮಟಾ, ಹೊನ್ನಾವರ, ಮುರುಡೇಶ್ವರ, ಭಟ್ಕಳ. ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆ ವಿಪರೀತ, ಮಕ್ಕಳಿದ್ದರೆ ದೀಪಾವಳಿ ಆದ ಮೇಲೆ ಹೋಗಿ. ರಾತ್ರಿ ಮುರುಡೇಶ್ವರದಲ್ಲಿ ಉಳಿದು ಬೆಳಿಗ್ಗೆ ಬೇಗ ಭಟ್ಕಳಕ್ಕೆ ಹೊರಡಿ. ಬಿಸಿಲು ಏರುವ ಮುಂಚೆ ಖೇತಪೈ ಗುಡಿಯ ಗೋಡೆ ಮುಟ್ಟಿದರೆ ತಣ್ಣಗಿರುತ್ತದೆ. ಮೊಮ್ಮಕ್ಕಳನ್ನು ಮುಂದೆ ಬಿಡಿ, ಯಾವುದು ರಾಮ, ಯಾವುದು ಹನುಮಂತ ಅವರೇ ಹುಡುಕಲಿ. ವಾಪಸ್ ಬಂದ ಮೇಲೆ ಅವರು ಏನೇನು ಗುರುತು ಹಿಡಿದರು ಅಂತ ನಮಗೆ ಬರೆಯಿರಿ. ಈ ಸಲ ಒಂದು ಸಾಲಲ್ಲ, ಪೂರ್ತಿ ಪುಟ ಕೊಡುತ್ತೇನೆ.

— ಸಂಪಾದಕ