ಯಾರಿಗೂ ಬೇಡವಾದದ್ದಕ್ಕೆ ಎಲ್ಲರೂ ಏಕೆ ಒಪ್ಪಿದರು?

ಪ್ರಶ್ನೆ: ನಮ್ಮದು ದಾವಣಗೆರೆಯ ಹಳೇ ಊರಿನ ಒಂದು ಓಣಿ. ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ಬಂತೆಂದರೆ ಪ್ರತಿ ಮನೆಯವರೂ ಬೀಗರು, ನೆಂಟರನ್ನೆಲ್ಲ ಕರೆದು ಬಾಡೂಟ ಹಾಕಿಸುತ್ತೇವೆ. ಅದಕ್ಕಾಗಿ ಚೀಟಿ ಎತ್ತುವವರು, ಒಡವೆ ಅಡವಿಡುವವರು, ಬಡ್ಡಿಗೆ ಕೈಸಾಲ ಮಾಡುವವರು ಇದ್ದಾರೆ. ಕಳೆದ ಜಾತ್ರೆಗೆ ಮುಂಚೆ ಓಣಿಯವರು ಸಭೆ ಸೇರಿದ್ದಾಗ ಹಿರಿಯರೊಬ್ಬರು, ‘ಪ್ರತಿ ಸಲದಂತೆ ಈ ಸಲವೂ ಜೋರಾಗಿಯೇ ಮಾಡೋಣ, ಎಲ್ಲರಿಗೂ ಒಪ್ಪಿಗೆ ತಾನೆ?’ ಎಂದರು. ಯಾರೂ ಬೇಡವೆನ್ನಲಿಲ್ಲ, ನಾನೂ ಅನ್ನಲಿಲ್ಲ. ಈಗ ಒಬ್ಬೊಬ್ಬರನ್ನೇ ಮಾತನಾಡಿಸಿದರೆ ಹೆಚ್ಚಿನವರು ‘ಕಡಿಮೆ ಮಾಡಿದ್ದರೆ ಚೆನ್ನಾಗಿತ್ತು’ ಎನ್ನುತ್ತಾರೆ. ಹಾಗಾದರೆ ಅಂದು ಏಕೆ ಸುಮ್ಮನಿದ್ದರು? ಜನ ಇಷ್ಟೊಂದು ಅಂಜುಬುರುಕರೇ? ಮುಂದಿನ ಸಲ ಏನು ಮಾಡಬಹುದು?

ಉತ್ತರ: ನಿಮ್ಮ ಓಣಿಯವರು ಅಂಜುಬುರುಕರೆಂದು ನಾನು ಒಪ್ಪುವುದಿಲ್ಲ. ಅಂದು ನೀವು ಸುಮ್ಮನಿದ್ದದ್ದು ಏಕೆಂದು ನಿಮ್ಮನ್ನೇ ಕೇಳಿಕೊಳ್ಳಿ. ಹಿರಿಯರ ಮಾತಿಗೆ ಎದುರಾಡಬಾರದೆಂದು, ‘ಇವರ ಮನೆಯಲ್ಲಿ ಕಷ್ಟವಿರಬೇಕು’ ಎಂದು ನಾಲ್ಕು ಜನ ಆಡಿಕೊಂಡಾರೆಂದು ಸುಮ್ಮನಿದ್ದಿರಿ. ಆದರೆ ಪಕ್ಕದಲ್ಲಿ ಕುಳಿತವರೂ ಸುಮ್ಮನಿದ್ದುದನ್ನು ನೋಡಿ, ಅವರಿಗೆ ಮನಸ್ಸಿನಿಂದಲೇ ಒಪ್ಪಿಗೆಯಿದೆ ಎಂದು ತಿಳಿದಿರಿ. ಅವರು ನಿಮ್ಮನ್ನು ನೋಡಿ ಹಾಗೆಯೇ ತಿಳಿದರು. ನಮ್ಮ ಮೌನಕ್ಕೆ ಸಂಕೋಚ ಕಾರಣವೆಂದು ನಮಗೆ ಒಳಗಿನಿಂದ ಗೊತ್ತಿರುತ್ತದೆ. ಇನ್ನೊಬ್ಬರ ಒಳಗು ಕಾಣದ ಕಾರಣ ಅವರ ಮೌನವನ್ನು ಅಭಿಪ್ರಾಯವೆಂದೇ ಓದುತ್ತೇವೆ. ಹೀಗೆ ಗುಂಪಿನ ಹೆಚ್ಚಿನವರು ಒಳಗೊಳಗೆ ಒಂದು ರೂಢಿಯನ್ನು ಒಪ್ಪದಿದ್ದರೂ, ಉಳಿದವರೆಲ್ಲ ಒಪ್ಪಿದ್ದಾರೆಂದು ಪ್ರತಿಯೊಬ್ಬರೂ ನಂಬುವ ಸ್ಥಿತಿಯನ್ನು ಸಮಾಜ ಮನೋವಿಜ್ಞಾನದಲ್ಲಿ ‘ಪ್ಲೂರಲಿಸ್ಟಿಕ್ ಇಗ್ನೊರೆನ್ಸ್’ ಎನ್ನುತ್ತಾರೆ. ಡೇನಿಯಲ್ ಕ್ಯಾಟ್ಜ್ ಮತ್ತು ಫ್ಲಾಯ್ಡ್ ಆಲ್‌ಪೋರ್ಟ್ ಅಮೆರಿಕದ ಸಿರಾಕ್ಯೂಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಧೋರಣೆಗಳ ಬಗ್ಗೆ 1931ರಲ್ಲಿ ಪ್ರಕಟಿಸಿದ ಅಧ್ಯಯನದಿಂದ ಈ ಪರಿಕಲ್ಪನೆ ಬಳಕೆಗೆ ಬಂತು.

ಇದನ್ನು ಹತ್ತಿರದಿಂದ ತೋರಿಸುವ ಅಧ್ಯಯನವೊಂದನ್ನು ಡೇಲ್ ಮಿಲ್ಲರ್ ಮತ್ತು ಕ್ಯಾಥಿ ಮ್ಯಾಕ್‌ಫರ್ಲೆಂಡ್ 1987ರಲ್ಲಿ ಪ್ರಕಟಿಸಿದರು. ವಿದ್ಯಾರ್ಥಿಗಳ ಸಣ್ಣ ಗುಂಪಿಗೆ ಬೇಕೆಂದೇ ಗೋಜಲಾಗಿ ಬರೆದ ಲೇಖನವನ್ನು ಓದಲು ಕೊಟ್ಟು, ಅರ್ಥವಾಗದಿದ್ದರೆ ಎದ್ದು ಬಂದು ಕೇಳಬಹುದೆಂದು ಹೇಳಿದರು. ಯಾರೂ ಎದ್ದು ಬರಲಿಲ್ಲ. ಆಮೇಲೆ ವಿಚಾರಿಸಿದಾಗ, ತಮಗಿಂತ ಉಳಿದವರಿಗೆ ಚೆನ್ನಾಗಿ ಅರ್ಥವಾಗಿದೆ ಎಂದೇ ಅವರು ಭಾವಿಸಿದ್ದರು. ನಮ್ಮ ತರಗತಿಗಳಲ್ಲಿ ‘ಎಲ್ಲರಿಗೂ ಅರ್ಥವಾಯಿತೇ?’ ಎಂದು ಮೇಷ್ಟ್ರು ಕೇಳಿದಾಗ ಆಗುವುದೂ ಇದೇ.

ಒಪ್ಪದಿದ್ದರೂ ಗುಂಪಿನ ಜೊತೆ ಹೋಗುವುದು, ಅಂದರೆ ಅನುಸರಣೆ, ಇದಕ್ಕೆ ಹೊಂದಿಕೊಂಡೇ ಬರುವ ಇನ್ನೊಂದು ಸಂಗತಿ. 1950ರ ದಶಕದ ಆರಂಭದಲ್ಲಿ ಸಾಲೊಮನ್ ಆಶ್ ನಡೆಸಿದ ಪ್ರಯೋಗಗಳಲ್ಲಿ, ಮೂರು ಗೆರೆಗಳ ಪೈಕಿ ಯಾವುದು ಮಾದರಿ ಗೆರೆಯಷ್ಟು ಉದ್ದವಿದೆ ಎಂದು ಹೇಳಬೇಕಿತ್ತು. ಉತ್ತರ ಯಾರ ಕಣ್ಣಿಗಾದರೂ ಕಾಣುವಂತಿತ್ತು. ಆದರೆ ಮೊದಲೇ ಹೇಳಿಕೊಟ್ಟಿದ್ದ ಗುಂಪೊಂದು ಒಮ್ಮತದಿಂದ ತಪ್ಪು ಹೇಳಿದಾಗ, ಸುಮಾರು ಮುಕ್ಕಾಲು ಪಾಲು ಜನ ಒಮ್ಮೆಯಾದರೂ ಅದೇ ತಪ್ಪನ್ನು ಹೇಳಿದರು. ಈ ಪ್ರಯೋಗವನ್ನು ಹೇಳುವವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ನಿಮಗೆ ಬೇಕಾದದ್ದು ಮುಂದಿನ ಭಾಗ. ಗುಂಪಿನಲ್ಲಿ ಒಬ್ಬನೇ ಒಬ್ಬ ಸರಿಯಾದ ಉತ್ತರ ಹೇಳಿದರೆ ಸಾಕು, ಗುಂಪಿಗೆ ಮಣಿಯುವುದು ಬಹಳಷ್ಟು ಕಡಿಮೆಯಾಗುತ್ತಿತ್ತು. ಉತ್ತರವನ್ನು ಬಾಯಲ್ಲಿ ಹೇಳದೆ ಬರೆದುಕೊಡಲು ಬಿಟ್ಟಾಗಲೂ ಹಾಗೆಯೇ ಆಯಿತು.

ನಿಮ್ಮ ಸಭೆಯ ಗುಟ್ಟು, ನನ್ನ ದೃಷ್ಟಿಯಲ್ಲಿ, ಹಿರಿಯರು ಕೇಳಿದ ಪ್ರಶ್ನೆಯಲ್ಲಿಯೇ ಇದೆ. ‘ಎಲ್ಲರಿಗೂ ಒಪ್ಪಿಗೆ ತಾನೆ?’ ಎಂದು ಕೇಳಿದ ಕೂಡಲೇ ಮೌನವೆಲ್ಲ ಒಪ್ಪಿಗೆಯ ಲೆಕ್ಕಕ್ಕೆ ಹೋಗುತ್ತದೆ. ಬೇಡವೆನ್ನುವವನು ಎಲ್ಲರೆದುರು ಎದ್ದು ನಿಲ್ಲಬೇಕು, ಅದೂ ಸಾಲದ ಮಾತನ್ನು ಬಾಯಿಬಿಟ್ಟು. ಮುಂದಿನ ಸಭೆಯಲ್ಲಿ ಮಾತಿಗೆ ಮೊದಲು ಪ್ರತಿ ಮನೆಗೆ ಒಂದು ಚೀಟಿ ಕೊಡಿ. ಅದರಲ್ಲಿ ‘ಹಿಂದಿನಷ್ಟೇ’, ‘ಕಡಿಮೆ’ ಎಂದು ಮೊದಲೇ ಮುದ್ರಿಸಿರಲಿ. ಒಂದರ ಮುಂದೆ ಗುರುತು ಹಾಕಿದರೆ ಸಾಕು. ಏನನ್ನಾದರೂ ಬರೆಯಿಸಿದರೆ ಚಿಕ್ಕ ಓಣಿಯಲ್ಲಿ ಕೈಬರಹದಿಂದಲೇ ಮನೆಯ ಗುರುತು ಸಿಕ್ಕಿಬಿಡುತ್ತದೆ. ಎಣಿಕೆಯನ್ನು ಅಲ್ಲಿಯೇ, ಎಲ್ಲರೆದುರು ಓದಿ ಹೇಳಿ. ಬಹಳ ಮಂದಿಗೆ ಕಡಿಮೆ ಸಾಕೆನಿಸಿದ್ದರೆ, ಅದು ನಿಮಗೊಬ್ಬರಿಗೆ ತಿಳಿದರೆ ಸಾಲದು, ಎಲ್ಲರಿಗೂ ತಿಳಿದಿದೆ ಎಂಬುದು ಎಲ್ಲರಿಗೂ ಗೊತ್ತಾಗಬೇಕು. ಮನೆಮನೆಗೆ ಹೋಗಿ ಕಿವಿಯಲ್ಲಿ ಹೇಳಿಕೊಂಡು ಬಂದರೆ ಆ ಕೆಲಸ ಆಗುವುದಿಲ್ಲ. ಚರ್ಚೆ ಶುರುವಾದ ಮೇಲೆ ಹಿರಿಯರು ಕೊನೆಗೆ ಮಾತನಾಡುವಂತೆ ಮೊದಲೇ ವಿನಂತಿಸಿಕೊಳ್ಳಿ.

ಇಂಥ ತಪ್ಪುಗ್ರಹಿಕೆ ಹೀಗೂ ಇರುತ್ತದೆಂದು ತಿಳಿಸಿ ಹೇಳುವುದರಿಂದಲೇ ಪ್ರಯೋಜನವಾಗುತ್ತದೆ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು, ತಮಗಿಂತ ಗೆಳೆಯರಿಗೇ ಕುಡಿತ ಹೆಚ್ಚು ಸಮ್ಮತವೆಂದು ತಪ್ಪಾಗಿ ಭಾವಿಸಿದ್ದಾರೆಂದು ಡೆಬೊರಾ ಪ್ರೆಂಟಿಸ್ ಮತ್ತು ಮಿಲ್ಲರ್ 1993ರಲ್ಲಿ ತೋರಿಸಿದ್ದರು. ಆ ತಪ್ಪುಗ್ರಹಿಕೆಯ ಬಗ್ಗೆಯೇ ಹೊಸ ವಿದ್ಯಾರ್ಥಿಗಳ ಜೊತೆ ಚರ್ಚೆ ನಡೆಸಿದಾಗ, ಕುಡಿಯುವ ಸಂದರ್ಭದಲ್ಲಿ ಒಬ್ಬ ವ್ಯಕ್ತಿ ಹೇಗೆ ನಿರ್ಧಾರ ತೆಗೆದುಕೊಳ್ಳಬೇಕೆಂಬುದನ್ನಷ್ಟೇ ಚರ್ಚಿಸಿದ ಗುಂಪಿಗಿಂತ ಅವರು ಕೆಲವು ತಿಂಗಳ ನಂತರವೂ ಕಡಿಮೆ ಕುಡಿಯುತ್ತಿದ್ದರೆಂದು 1998ರ ಅಧ್ಯಯನವೊಂದು ಹೇಳಿತು. ಆದ್ದರಿಂದ ಸಭೆಯಲ್ಲಿ ದುಂದುವೆಚ್ಚ ತಪ್ಪೆಂದು ಉಪದೇಶ ಮಾಡುವ ಬದಲು, ಒಬ್ಬರ ಮನಸ್ಸನ್ನು ಒಬ್ಬರು ಹೇಗೆ ತಪ್ಪಾಗಿ ತಿಳಿದಿದ್ದೆವು ಎಂಬುದನ್ನೇ ಮಾತಿಗೆ ತನ್ನಿ.

ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಜಾತ್ರೆ ಮುಗಿದು ಕೈ ಬರಿದಾಗಿರುವಾಗ ‘ಕಡಿಮೆ ಮಾಡಬೇಕಿತ್ತು’ ಎಂದವರೆಲ್ಲ ಜಾತ್ರೆಗೆ ಮುಂಚೆಯೂ ಹಾಗೆಯೇ ಅಂದುಕೊಂಡಿದ್ದರೆಂದು ಹೇಳಲಾಗದು. ಹರಕೆ ಹೊತ್ತವರಿಗೆ, ವರ್ಷಗಟ್ಟಲೆ ಕಾಣದ ಅಕ್ಕತಂಗಿಯರನ್ನು ಮನೆಗೆ ಕರೆಯಬೇಕೆನ್ನುವವರಿಗೆ ದೊಡ್ಡ ಊಟ ನಿಜವಾಗಿಯೂ ಬೇಕಿರಬಹುದು. ಅವರ ಭಕ್ತಿಯನ್ನಾಗಲಿ ಪ್ರೀತಿಯನ್ನಾಗಲಿ ಹಗುರವಾಗಿ ಕಾಣುವ ಹಕ್ಕು ನಮಗಿಲ್ಲ. ಅದಕ್ಕೇ ನಿರ್ಣಯ ನಿಷೇಧದ ರೂಪದಲ್ಲಿರದೆ, ಕಡಿಮೆ ಮಾಡಿದ ಮನೆಯನ್ನು ಯಾರೂ ಆಡಿಕೊಳ್ಳಬಾರದು ಎಂಬಷ್ಟಕ್ಕೆ ಇದ್ದರೆ ಒಳ್ಳೆಯದು.

ಬೀಗರು ಏನೆಂದುಕೊಂಡಾರು ಎಂಬ ಅಂಜಿಕೆ ಆಗಲೂ ಉಳಿಯುತ್ತದೆ. ಅವರೂ ತಮ್ಮೂರಿನ ಹಬ್ಬಕ್ಕೆ ನಿಮ್ಮನ್ನು ಕರೆಯುವಾಗ ಇದೇ ಅಂಜಿಕೆಯಿಂದ ಸಾಲ ಮಾಡುತ್ತಿರಬಹುದು. ಸಲುಗೆಯಿರುವ ಒಂದೆರಡು ಬೀಗರ ಮನೆಯವರನ್ನು ನೇರವಾಗಿ ಕೇಳಿ ನೋಡಿ. ಇದೆಲ್ಲ ಜಾತ್ರೆಯ ಕರೆ ಹೋಗುವುದಕ್ಕೆ, ಚೀಟಿ ಹಣ ಎತ್ತುವುದಕ್ಕೆ ಕೆಲವು ತಿಂಗಳು ಮುಂಚೆಯೇ ಆಗಬೇಕು. ನೆಂಟರನ್ನು ಕರೆದಾದ ಮೇಲೆ ಸಭೆ ಸೇರಿದರೆ ಯಾರೂ ಹಿಂದೆ ಸರಿಯಲಾರರು.