ಕಕ್ಕಡದ ಮಳೆಗೆ ಮುಂಚೆ ತವರಿಗೆ ಹೋಗಲೇ?

ಪ್ರಶ್ನೆ: ನಾನು ಕೊಡಗಿನ ಬಿರುನಾಣಿ ಕಡೆಯವಳು. ಈಗ 13ನೇ ವಾರ, ಸ್ಕ್ಯಾನಿಂಗ್‌ನಲ್ಲಿ ಅವಳಿ ಎಂದರು. ತಾಯಿ ಕಾರ್ಡ್‌ನಲ್ಲಿ ಹೆರಿಗೆ ತಾರೀಖು ಆಗಸ್ಟ್ 15. ಕಕ್ಕಡದ (ಜುಲೈ-ಆಗಸ್ಟ್‌ನ) ಮಳೆ ಹಿಡಿಯುವ ಮುಂಚೆ ಹುಣಸೂರಿನ ತವರಿಗೆ ಹೋಗುತ್ತೇನೆಂದರೆ ಅತ್ತೆ, ‘ಮೊದಲನೆಯದು ಗೋಣಿಕೊಪ್ಪದಲ್ಲೇ ಸಲೀಸಾಗಿ ಆಯಿತಲ್ಲ’ ಎನ್ನುತ್ತಾರೆ. ಯಜಮಾನರು ಬಾಯಿ ಬಿಡುವುದಿಲ್ಲ.

ಉತ್ತರ: ಹೋಗಿ. ಆದರೆ ಈ ವಾರವೇ ಆಗಬೇಕಾದ ಕೆಲಸವೊಂದಿದೆ. ಮಕ್ಕಳಿಬ್ಬರಿಗೂ ಮಾಸು ಒಂದೋ, ಎರಡೋ ಎಂದು ವೈದ್ಯರನ್ನು ಕೇಳಿ ಕಾರ್ಡ್‌ನಲ್ಲಿ ಬರೆಸಿಕೊಳ್ಳಿ. 14 ವಾರ ದಾಟಿದರೆ ಅದನ್ನು ಖಚಿತವಾಗಿ ಹೇಳುವುದು ಕಷ್ಟ. ಎರಡಿದ್ದರೆ ನಾಲ್ಕು ವಾರಕ್ಕೊಂದು ಸ್ಕ್ಯಾನ್ ಸಾಕು. ಒಂದೇ ಇದ್ದರೆ ಒಂದು ಮಗುವಿನ ರಕ್ತ ಇನ್ನೊಂದಕ್ಕೆ ಹರಿದುಹೋಗುವ ಅಪಾಯವಿದೆ, ಹಾಗಾಗಿ 16ನೇ ವಾರದಿಂದ ಎರಡು ವಾರಕ್ಕೊಮ್ಮೆ ಬೇಕು. ರಕ್ತದೊತ್ತಡ ಏರದಂತೆ ಕಡಿಮೆ ಪ್ರಮಾಣದ ಆಸ್ಪಿರಿನ್ ಬೇಕೇ ಎಂದೂ ಕೇಳಿ. ಅದನ್ನು ಶುರು ಮಾಡುವುದಾದರೆ 16 ವಾರದೊಳಗೆ ಒಳ್ಳೆಯದು. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ಒಟ್ಟಿಗೆ ನುಂಗಬೇಡಿ.

ಆಗಸ್ಟ್ 15 ಎಂಬುದು 40 ವಾರದ ಲೆಕ್ಕ. ಅವಳಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹೆರಿಗೆಗಳು 37 ವಾರಕ್ಕೆ ಮೊದಲೇ ಆಗುತ್ತವೆ. ಅಂದರೆ ನಿಮಗೆ ಜುಲೈನಲ್ಲಿ, ಕೆಲವೊಮ್ಮೆ ಜೂನ್‌ನಲ್ಲೇ ನೋವು ಬರಬಹುದು. ಮರ ಬಿದ್ದು, ಗುಡ್ಡದ ಬರೆ ಕುಸಿದು ರಸ್ತೆ ಕಟ್ಟುವ ಕಾಲವದು. 34 ವಾರದೊಳಗೆ ಹೆರಿಗೆಯಾಗುವ ಸೂಚನೆ ಕಂಡರೆ ಮಕ್ಕಳ ಶ್ವಾಸಕೋಶ ಬಲಿಯಲೆಂದು 12 ಗಂಟೆಗೊಂದರಂತೆ ನಾಲ್ಕು ಡೆಕ್ಸಾಮೆಥಾಸೋನ್ ಚುಚ್ಚುಮದ್ದು ಕೊಡುತ್ತಾರೆ. ಅದು ಕೆಲಸ ಮಾಡಲು ಸಮಯ ಬೇಕು. ದಾರಿಯಲ್ಲೇ ಹೆತ್ತರೆ ಆ ಸಮಯ ಸಿಗುವುದಿಲ್ಲ.

ಬಡ ದೇಶಗಳಲ್ಲಿ ಅವಳಿ ಮಕ್ಕಳು ಹೆಚ್ಚಾಗಿ ಸಾಯುವುದಕ್ಕೆ ಇರುವ ಕಾರಣಗಳಲ್ಲಿ ಇವೂ ಸೇರಿವೆ: ನೋವು ಬರುವವರೆಗೂ ಅವಳಿ ಎಂದು ಗೊತ್ತಾಗದಿರುವುದು, ಗೊತ್ತಾದರೂ ತಕ್ಕ ಆಸ್ಪತ್ರೆಗೆ ಹೊತ್ತಿಗೆ ಸರಿಯಾಗಿ ಮುಟ್ಟದಿರುವುದು. ನಿಮಗೆ ಈಗಲೇ ಗೊತ್ತಾಗಿದೆ, ಅದನ್ನು ಬಳಸಿಕೊಳ್ಳಿ.

ಅತ್ತೆಯವರ ಮಾತು ಒಂದೇ ಮಗುವಿನ ಮಟ್ಟಿಗೆ ಸರಿ. ಅವಳಿಯಲ್ಲಿ ಮೊದಲ ಮಗು ಸಲೀಸಾಗಿ ಬಂದರೂ ಎರಡನೆಯದು ಅಡ್ಡ ತಿರುಗಬಹುದು. ಅತಿಯಾಗಿ ಹಿಗ್ಗಿದ ಗರ್ಭಕೋಶ ಬೇಗ ಬಿಗಿಯದೆ ರಕ್ತಸ್ರಾವ ಹೆಚ್ಚಬಹುದು. ಮುಂದಿನ ಸ್ಕ್ಯಾನ್‌ಗೆ ಅವರನ್ನೂ ಕರೆದೊಯ್ಯಿರಿ. ಇದನ್ನು ವೈದ್ಯರ ಬಾಯಿಂದಲೇ ಕೇಳಲಿ. ಸೀಮಂತವನ್ನು ಮೇ ಕೊನೆಯೊಳಗೆ ಅವರೇ ನಿಂತು ಮಾಡಿ ಕಳಿಸಿಕೊಡಲಿ.

ಹುಣಸೂರು ತಂಗುವುದಕ್ಕೆ ಸರಿ. ಹೆರಿಗೆಗೆ ಮೈಸೂರಿನಲ್ಲಿ ನವಜಾತ ಶಿಶು ಘಟಕ, ರಕ್ತನಿಧಿ, ರಾತ್ರಿಯೂ ಅರಿವಳಿಕೆ ವೈದ್ಯರು ಇರುವ ಆಸ್ಪತ್ರೆಯಲ್ಲಿ ಮೊದಲೇ ಹೆಸರು ಬರೆಸಿ. ತಲೆನೋವು, ಕಣ್ಣು ಮಂಜು, ನೀರು ಸೋರಿಕೆ, ಹೊಟ್ಟೆ ದಿಢೀರನೆ ಉಬ್ಬಿ ಉಸಿರು ಕಟ್ಟುವುದು, ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲೆಂದು ಕಾಯದೆ 108ಕ್ಕೆ ಕರೆ ಮಾಡಿ. ಯಜಮಾನರಿಗೊಂದು ಕೆಲಸ ಒಪ್ಪಿಸಿ: ನಿಮಗೆ ಹೊಂದುವ ರಕ್ತ ಕೊಡಬಲ್ಲ ಇಬ್ಬರನ್ನು ಮೇ ತಿಂಗಳೊಳಗೆ ಗೊತ್ತು ಮಾಡಿಡಲಿ.