ಕನಿಷ್ಠ ವೇತನ ಕೊಡುತ್ತಿದ್ದೇವೆ ಎನ್ನುವ ಆಡಳಿತದ ಮುಂದೆ ಜೀವನ ವೇತನದ ಬೇಡಿಕೆ ಇಡುವುದು ಹೇಗೆ?

ಕಾರ್ಖಾನೆಯಲ್ಲಿ ಹೆಚ್ಚಿನವರು ಹೆಂಗಸರು, ಸಂಘ ಸಂಬಳದ ಮಾತೆತ್ತಿದರೆ "ಕಾನೂನಿನ ಪ್ರಕಾರವೇ ಕೊಡ್ತಿದ್ದೀವಲ್ಲ" ಎಂದು ಬಾಯಿ ಮುಚ್ಚಿಸುತ್ತಾರೆ ಎಂದು ಕೇಳಿದ್ದೀರಿ. ಲೆಕ್ಕದ ಹಾಳೆ ಇಲ್ಲದೆ ಮಾತುಕತೆಗೆ ಕೂರಲೇಬೇಡಿ ಎನ್ನುತ್ತೇನೆ. ಕನಿಷ್ಠ ವೇತನ ಎಂದರೆ ಅದಕ್ಕಿಂತ ಕಡಿಮೆ ಕೊಡುವಂತಿಲ್ಲ ಎಂದಷ್ಟೇ. ಅದರಲ್ಲಿ ಸಂಸಾರ ನಡೆಯುತ್ತದೆ ಎಂದಲ್ಲ. ಸಂಸಾರ ಮರ್ಯಾದೆಯಿಂದ ನಡೆಯಲು ಬೇಕಾದ ಸಂಬಳವೇ ಜೀವನ ವೇತನ.

ಲೆಕ್ಕ ಖರ್ಚಿನ ಕಡೆಯಿಂದ ಶುರುವಾಗಲಿ. ಪ್ರತಿ ವಿಭಾಗದಿಂದ ಕೆಲವರು ಒಂದು ತಿಂಗಳ ಮನೆಖರ್ಚು ಬರೆದಿಡಲಿ. ಜೀವನ ವೇತನ ಲೆಕ್ಕ ಹಾಕುವ ಆಂಕರ್ ವಿಧಾನದ ಜಾಡಿನಲ್ಲಿ ಹೋದರೆ (ಅಂಕಿಗಳು ಬರೀ ಉದಾಹರಣೆಗೆ): ಊಟಕ್ಕೆ 100, ಮನೆಗೆ 60, ಓದು, ಔಷಧ, ಬಟ್ಟೆ, ಓಡಾಟಕ್ಕೆ 80 ಎಂದಿಟ್ಟುಕೊಳ್ಳಿ. ಒಟ್ಟು 240. ದಿಢೀರ್ ಖರ್ಚಿಗೆ ಶೇ 5 ಸೇರಿಸಿದರೆ 252. ಇದನ್ನು ಮನೆಯಲ್ಲಿ ದುಡಿಯುವವರ ಸರಾಸರಿಯಿಂದ ಭಾಗಿಸುತ್ತಾರೆ, 1.6 ಆದರೆ ಬರುವುದು 157.5. ಇದು ಕೈಗೆ ಸಿಗಬೇಕಾದ ಮೊತ್ತ, ಕಡಿತಗಳು ಇದರ ಮೇಲೆ.

ಹೆಂಗಸರಿಗೆ ಪೆಟ್ಟು ಬೀಳುವುದು ಆ 1.6ರಲ್ಲಿ. ಒಬ್ಬಳೇ ದುಡಿದು ಅಷ್ಟೇ ದೊಡ್ಡ ಮನೆ ಸಾಕುವವಳಿಗೆ ಪೂರ್ತಿ 252 ಬೇಕು. ಏಷ್ಯಾ ಫ್ಲೋರ್ ವೇಜ್ ಎಂಬ ಇನ್ನೊಂದು ಲೆಕ್ಕ ಒಬ್ಬರ ದುಡಿಮೆಯ ಮೇಲೆ ಮೂರು ಬಳಕೆ ಘಟಕ ಹಿಡಿಯುತ್ತದೆ (ದೊಡ್ಡವರಿಗೆ ತಲಾ 1, ಮಗುವಿಗೆ ಅರ್ಧ). ಯಾವ ಭಾಜಕ ಎಂಬುದನ್ನು ಸದಸ್ಯರ ಸಭೆಯಲ್ಲೇ ತೀರ್ಮಾನಿಸಿ, ಆಡಳಿತದವರು ತಂದ ಅಂಕಿ ಒಪ್ಪಿಕೊಳ್ಳಬೇಡಿ.

ಒಪ್ಪಂದದ ಬರಹದಲ್ಲಿ ಮೊತ್ತದಷ್ಟೇ ಮುಖ್ಯವಾದದ್ದು ಅದು ಎಲ್ಲಿ ಕೂರುತ್ತದೆ ಎಂಬುದು. ಹೆಚ್ಚಳ ಮೂಲ ವೇತನಕ್ಕೇ ಸೇರಬೇಕು. ಹಾಜರಾತಿ ಭತ್ಯೆಯ ಹೆಸರಲ್ಲಿ ಕೊಟ್ಟರೆ, ಮಗುವಿಗೆ ಜ್ವರವೆಂದು ಒಂದು ದಿನ ರಜೆ ಹಾಕಿದವಳಿಗೆ ಅದು ಹೋಯಿತು. "ಓಟಿ ಬಿಟ್ಟು, ಸಾಮಾನ್ಯ ಕೆಲಸದ ವೇಳೆಯಲ್ಲಿ" ಎಂಬ ಮಾತೂ ಇರಲಿ. ಪೀಸ್ ರೇಟ್ (ಮಾಡಿದ ತುಂಡಿನ ಲೆಕ್ಕದಲ್ಲಿ ಕೂಲಿ) ಇದ್ದಲ್ಲಿ ಟಾರ್ಗೆಟ್ ಏರಿಸುವ ಮುಂಚೆ ಸಂಘದ ಒಪ್ಪಿಗೆ ಬೇಕೆಂದು ಬರೆಸಿ. ಇಲ್ಲವಾದರೆ ಈ ಕೈಯಲ್ಲಿ ಕೊಟ್ಟದ್ದನ್ನು ಆ ಕೈಯಲ್ಲಿ ಕಿತ್ತುಕೊಳ್ಳುತ್ತಾರೆ.

ಗ್ರೇಡ್, ಅಂದರೆ ಸಂಬಳ ನಿಗದಿಗೆ ಕೆಲಸಕ್ಕೆ ಕೊಡುವ ದರ್ಜೆ, ಮರೆತರೆ ಮುಂದೆ ವರ್ಷಗಟ್ಟಲೆ ಪರದಾಟ. 1968ರಲ್ಲಿ ಬ್ರಿಟನ್ನಿನ ಡ್ಯಾಗನ್‌ಹ್ಯಾಮ್‌ನ ಫೋರ್ಡ್ ಕಾರ್ಖಾನೆಯಲ್ಲಿ ಕಾರಿನ ಸೀಟು ಹೊಲಿಯುವ ಹೆಂಗಸರು ಮುಷ್ಕರ ಹೂಡಿದ್ದು ತಮ್ಮದು ಕುಶಲ ಕೆಲಸ, ಗ್ರೇಡ್ ಏರಿಸಿ ಎಂದು. ಸಿಕ್ಕಿದ್ದು ಗಂಡಸರ ದರದ ಶೇ 92. 1970ರ ಸಮಾನ ವೇತನ ಕಾಯ್ದೆಗೂ ಅದು ದಾರಿ ಮಾಡಿತು, ಆದರೆ ಗ್ರೇಡ್ ಬದಲಾದದ್ದು ಇನ್ನೊಂದು ಮುಷ್ಕರದ ಬಳಿಕ, 1984ರಲ್ಲಿ! ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ (ಐಎಲ್‌ಒ) 100ನೇ ಒಡಂಬಡಿಕೆ (1951) ಹೇಳುವುದು ಸಮಾನ ಮೌಲ್ಯದ ಕೆಲಸಕ್ಕೆ ಸಮಾನ ವೇತನ. ಕೆಲಸ ಒಂದೇ ಆಗಿರಬೇಕೆಂದಿಲ್ಲ. ಕೌಶಲ, ಶ್ರಮ, ಜವಾಬ್ದಾರಿ, ಕೆಲಸದ ಪರಿಸ್ಥಿತಿ ಈ ನಾಲ್ಕಕ್ಕೂ ಅಂಕ ಹಾಕಿ ಹೋಲಿಸಿ. ಭಾರ ಎತ್ತುವುದಕ್ಕೆ ಅಂಕ ಕೊಟ್ಟು, ದಿನವಿಡೀ ಕಣ್ಣು ಕೀಲಿಸಿ ಬೆರಳು ಓಡಿಸುವುದಕ್ಕೆ ಸೊನ್ನೆ ಹಾಕಿದ್ದರೆ ಅಲ್ಲೇ ತಡೆಯಿರಿ.

ಮಾತುಕತೆಯ ತಂಡದಲ್ಲಿ ಲೈನಿನಲ್ಲಿ ಕೂತು ಕೆಲಸ ಮಾಡುವ ಹೆಂಗಸರೇ ಇರಲಿ, ಸಭೆಯನ್ನು ಶಿಫ್ಟ್ ಮುಗಿದ ಮೇಲೆ ಇಡಬೇಡಿ. ಮನೆಗೆ ಓಡಬೇಕಾದವರು ಬರುವುದಿಲ್ಲ.